ಲ್ಯಾಪ್‌ಟಾಪ್ ಆನ್ ಮಾಡಿದಾಗಲೆಲ್ಲ ಡಿಸ್ಕ್ ಚೆಕ್ ಬರುತ್ತಿದೆಯಾ? ಅದನ್ನು ಆಫ್ ಮಾಡುವ ಮೊದಲು ಇಷ್ಟು ನೋಡಿ

ಪವರ್ ಬಟನ್ ಒತ್ತುತ್ತೀರಿ. ಲೋಗೋ ಬರುತ್ತದೆ. ಅದರ ಕೆಳಗೆ ‘ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್’ ಎಂಬ ಸಾಲು, ಪಕ್ಕದಲ್ಲಿ ಶೇಕಡಾ ಲೆಕ್ಕ. ಒಂದು ಸಲ ಹೀಗೆ ಬಂದು ಹೋದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಚೆಕ್ ಪೂರ್ತಿ ಮುಗಿದು ವಿಂಡೋಸ್ ತೆರೆದ ಮೇಲೂ ಮರುದಿನ ಮತ್ತೆ ಅದೇ, ಅದರ ಮರುದಿನವೂ ಅದೇ ಅಂದರೆ ಏನೋ ಇದೆ ಅಂತಲೇ ಅರ್ಥ.

ಇದಕ್ಕೆ ಪರಿಹಾರ ಕೇಳಿದರೆ ಹೆಚ್ಚಿನವರು ಥಟ್ಟನೆ ಹೇಳುವುದು ಚೆಕ್ ಅನ್ನೇ ಆಫ್ ಮಾಡುವ ಒಂದು ಕಮಾಂಡ್. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಚೆಕ್ ಬರುವುದು ನಿಂತುಹೋಗುತ್ತದೆ. ಆದರೆ ಡಿಸ್ಕ್ ಸಾಯುತ್ತಿದ್ದರೆ ಅದು ಸಾಯುವುದಂತೂ ನಿಲ್ಲುವುದಿಲ್ಲ, ನಿಮಗೆ ಗೊತ್ತಾಗುವುದು ಮಾತ್ರ ನಿಲ್ಲುತ್ತದೆ. ಆ ಕಮಾಂಡ್ ಈ ಲೇಖನದಲ್ಲೂ ಇದೆ, ಆದರೆ ಬೇಕೆಂದೇ ಕೊನೆಯ ಹತ್ತಿರ ಇಟ್ಟಿದ್ದೇನೆ.

ಕಮಾಂಡ್‌ಗಳ ಬಗ್ಗೆ ಒಂದು ಮಾತು. ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಟೈಪ್ ಮಾಡುವುದು ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅದನ್ನು ತೆರೆಯುವ ರೀತಿ ‘ಗುರುತು ಇದೆಯಾ ಇಲ್ಲವಾ’ ಎಂಬ ಭಾಗದಲ್ಲಿದೆ. ‘ಚೆಕ್‌ಡಿಸ್ಕ್’ ಅಂದರೆ ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರೇ ಅಕ್ಷರ. ‘ಚೆಕ್‌ಎನ್‌ಟಿಎಫ್‌ಎಸ್’ ಅಂದರೆ ಸಿ, ಎಚ್, ಕೆ ಆದ ಮೇಲೆ ಎನ್, ಟಿ, ಎಫ್, ಎಸ್. ಡ್ರೈವ್ ಅಕ್ಷರದ ಮೊದಲು ಮತ್ತು ಸ್ಲ್ಯಾಶ್‌ನ ಮೊದಲು ಒಂದು ಸ್ಪೇಸ್ ಬಿಡಿ.

ಇದು ಯಾಕೆ ಬರುತ್ತದೆ

ವಿಂಡೋಸ್ ಪ್ರತಿ ಡ್ರೈವ್‌ನಲ್ಲೂ ಒಂದು ಚಿಕ್ಕ ಗುರುತು ಇಟ್ಟುಕೊಂಡಿರುತ್ತದೆ. ಅದರ ಹೆಸರು ಡರ್ಟಿ ಬಿಟ್. ಫೈಲ್ ಸಿಸ್ಟಮ್‌ನಲ್ಲಿ, ಅಂದರೆ ಯಾವ ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬ ಲೆಕ್ಕದಲ್ಲಿ, ಏನೋ ತಾಳೆ ಆಗುತ್ತಿಲ್ಲ ಅಂತ ಕಂಡ ಕೂಡಲೇ ಆ ಗುರುತು ಏಳುತ್ತದೆ. ಮುಂದಿನ ಸಲ ಬೂಟ್ ಆಗುವಾಗ, ನೀವು ಲಾಗಿನ್ ಆಗುವುದಕ್ಕೂ ಮೊದಲೇ, ಆಟೋಚೆಕ್ ಎಂಬ ಪ್ರೋಗ್ರಾಂ ಎದ್ದು ಎಲ್ಲ ಡ್ರೈವ್‌ಗಳ ಗುರುತು ನೋಡುತ್ತದೆ. ಗುರುತು ಇದ್ದ ಡ್ರೈವ್ ಅನ್ನು ಚೆಕ್ ಮಾಡುತ್ತದೆ, ಸರಿಹೋದರೆ ಗುರುತು ಅಳಿಸುತ್ತದೆ.

ಕರೆಂಟ್ ಹೋಗಿ ಲ್ಯಾಪ್‌ಟಾಪ್ ಧಡಕ್ಕನೆ ಆಫ್ ಆಯಿತು, ಅದಕ್ಕೇ ಚೆಕ್ ಬರುತ್ತಿದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಈಗಿನ ವಿಂಡೋಸ್‌ನ ಸಿ ಡ್ರೈವ್ ಇರುವುದು ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನಲ್ಲಿ. ಇದರಲ್ಲಿ ಜರ್ನಲ್ ಇರುತ್ತದೆ, ಅಂದರೆ ಫೈಲ್ ಸಿಸ್ಟಮ್‌ನ ಲೆಕ್ಕದಲ್ಲಿ ಮಾಡುವ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಲಾಗ್. ಹಾಗಾಗಿ ಧಡಕ್ಕನೆ ಆಫ್ ಆದರೂ ಸಾಮಾನ್ಯವಾಗಿ ಆ ಲಾಗ್ ಓದಿಕೊಂಡು ತಾನೇ ಸರಿಮಾಡಿಕೊಳ್ಳುತ್ತದೆ, ಡಿಸ್ಕ್ ಚೆಕ್ ಬೇಕಾಗುವುದಿಲ್ಲ. ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್‌ಗಳಲ್ಲಿ ಇರುವ ಫ್ಯಾಟ್32, ಎಕ್ಸ್‌ಫ್ಯಾಟ್ ಕಥೆ ಬೇರೆ. ಅವನ್ನು ಸರಿಯಾಗಿ ಎಜೆಕ್ಟ್ ಮಾಡದೆ ಕಿತ್ತರೆ ಸಾಕು, ಗುರುತು ಹಾಗೇ ಉಳಿದುಬಿಡುತ್ತದೆ. ಅಂದರೆ ಸಿ ಡ್ರೈವ್‌ನಲ್ಲೇ ಪದೇ ಪದೇ ಗುರುತು ಏಳುತ್ತಿದ್ದರೆ ‘ಕರೆಂಟ್ ಹೋಗಿತ್ತು’ ಅನ್ನುವ ಸಮಾಧಾನ ಸಾಲದು.

ಚೆಕ್ ಮರುಕಳಿಸುವುದಕ್ಕೆ ಮುಖ್ಯವಾಗಿ ನಾಲ್ಕು ದಾರಿ. ಚೆಕ್ ಒಮ್ಮೆಯೂ ಪೂರ್ತಿ ಮುಗಿಯುತ್ತಿಲ್ಲ. ಅಥವಾ ಮುಗಿಯುತ್ತದೆ, ಆದರೆ ಏನೋ ಒಂದು ಮತ್ತೆ ಫೈಲ್ ಸಿಸ್ಟಮ್ ಕೆಡಿಸುತ್ತಿದೆ. ಅಥವಾ ಡಿಸ್ಕ್‌ಗೆ ಬರೆಯಲಿಕ್ಕೇ ಆಗುತ್ತಿಲ್ಲ, ಆದ್ದರಿಂದ ಗುರುತು ಅಳಿಸುವುದೂ ಆಗುತ್ತಿಲ್ಲ. ಅಥವಾ ಗುರುತೇ ಇಲ್ಲ, ಯಾವಾಗಲೋ ಕೊಟ್ಟ ‘ಬೂಟ್‌ನಲ್ಲಿ ಚೆಕ್ ಮಾಡು’ ಎಂಬ ಆದೇಶ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಸಿಕ್ಕಿಹಾಕಿಕೊಂಡಿದೆ. ನಿಮ್ಮದು ಇದರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಫೈಲ್‌ಗಳನ್ನು ಹೊರಗೆ ತನ್ನಿ

ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಚೆಕ್‌ಡಿಸ್ಕ್ ನಿಮ್ಮ ಫೋಟೋ ಕಾಪಾಡಲಿಕ್ಕೆ ಇರುವ ಟೂಲ್ ಅಲ್ಲ. ಫೈಲ್ ಸಿಸ್ಟಮ್‌ನ ಲೆಕ್ಕ ತಾಳೆ ಮಾಡುವುದಷ್ಟೇ ಅದರ ಕೆಲಸ. ಲೆಕ್ಕಕ್ಕೆ ಸಿಗದ ಫೈಲನ್ನು ಅದು ಕಿತ್ತು ‘ಫೌಂಡ್.000’ ಎಂಬ ಅಡಗಿದ ಫೋಲ್ಡರ್‌ಗೆ ಹಾಕಬಹುದು, ಅಲ್ಲಿ ಅದರ ಮೂಲ ಹೆಸರು ಕೂಡ ಇರುವುದಿಲ್ಲ. ಡಿಸ್ಕ್ ಕೆಡುತ್ತಿರುವಾಗ ಚೆಕ್ ಮಾಡುವುದೇ ಅದಕ್ಕೆ ದೊಡ್ಡ ಹೊರೆ.

ಬೂಟ್ ಆಗುವಾಗ ‘ಯಾವುದಾದರೂ ಕೀ ಒತ್ತಿದರೆ ಚೆಕ್ ಬಿಟ್ಟು ಮುಂದೆ ಹೋಗುತ್ತೇನೆ’ ಎಂಬ ಅರ್ಥದ ಸಾಲು ಕೆಲವೇ ಸೆಕೆಂಡ್ ಕಾಣಿಸುತ್ತದೆ. ಕೂಡಲೇ ಒಂದು ಕೀ ಒತ್ತಿ. ವಿಂಡೋಸ್ ತೆರೆದರೆ ಬೇರೇನೂ ಮಾಡದೆ ಹೊರಗಿನ ಡ್ರೈವ್‌ಗೆ ಕಾಪಿ ಶುರು ಮಾಡಿ. ದೊಡ್ಡ ಸಿನಿಮಾ ಫೈಲ್ ಮೊದಲಲ್ಲ, ಮತ್ತೆ ಎಲ್ಲೂ ಸಿಗದ ಫೋಟೋ, ಡಾಕ್ಯುಮೆಂಟ್, ಕೆಲಸದ ಫೈಲ್ ಮೊದಲು. ಪ್ರೋಗ್ರಾಂಗಳನ್ನು ಕಾಪಿ ಮಾಡಿ ಉಪಯೋಗ ಇಲ್ಲ, ಅವನ್ನು ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು.

ಕಾಪಿ ಮಾಡುವಾಗ ಒಂದೇ ಫೈಲ್ ಹತ್ತಿರ ಸಿಕ್ಕಿಹಾಕಿಕೊಂಡು ಇಡೀ ಕಿಟಕಿ ನಿಂತುಹೋಗುತ್ತದೆಯಾ? ಹಾಗಿದ್ದರೆ ರೋಬೋಕಾಪಿ ಎಂಬ ಕಮಾಂಡ್ ಬಳಸಿ, ಅದು ವಿಂಡೋಸ್ ಜೊತೆಗೇ ಬರುತ್ತದೆ. ರೋಬೋಕಾಪಿ, ಸ್ಪೇಸ್, ಎಲ್ಲಿಂದ, ಸ್ಪೇಸ್, ಎಲ್ಲಿಗೆ, ಆಮೇಲೆ /ಇ /ಆರ್:1 /ಡಬ್ಲ್ಯೂ:1. ಕೊನೆಯ ಎರಡನ್ನು ಮರೆಯಬೇಡಿ. ಅವಿಲ್ಲದಿದ್ದರೆ ಅದು ಓದಲಾಗದ ಒಂದೊಂದು ಫೈಲ್‌ಗೂ 30 ಸೆಕೆಂಡ್ ಬಿಟ್ಟು ಬಿಟ್ಟು 10 ಲಕ್ಷ ಸಲ ಪ್ರಯತ್ನ ಮಾಡುತ್ತದೆ, ಇದು ತಮಾಷೆಯಲ್ಲ, ಅದರ ಡೀಫಾಲ್ಟೇ ಹಾಗಿದೆ.

ಡಿಸ್ಕ್‌ನಿಂದ ಟಕ್ ಟಕ್ ಶಬ್ದ ಬರುತ್ತಿದ್ದರೆ ಇಲ್ಲಿಗೇ ನಿಲ್ಲಿ. ಲ್ಯಾಪ್‌ಟಾಪ್ ಆಫ್ ಮಾಡಿ. ಅದರಲ್ಲಿ ಕಳೆದುಕೊಳ್ಳಲಾಗದ ಫೈಲ್ ಇದ್ದು ಬ್ಯಾಕಪ್ ಇಲ್ಲದಿದ್ದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಪ್ರತಿ ಸಲ ಆನ್ ಮಾಡಿದಾಗಲೂ ಸಿಗಬಹುದಾದ ಫೈಲ್‌ಗಳ ಸಂಖ್ಯೆ ಕಡಿಮೆ ಆಗುತ್ತಾ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಶಬ್ದ ಇರುವುದಿಲ್ಲ, ಅದು ಸುಮ್ನೆ ಒಂದು ದಿನ ಕಾಣಿಸದೆ ಹೋಗುತ್ತದೆ, ಹಾಗಾಗಿ ಅಲ್ಲಿ ಇನ್ನೂ ಬೇಗ ಕಾಪಿ ಮಾಡಿಕೊಳ್ಳಬೇಕು.

ಇನ್ನೊಂದು: ಡ್ರೈವ್‌ಗೆ ಬಿಟ್‌ಲಾಕರ್ ಎಂಬ ಎನ್‌ಕ್ರಿಪ್ಷನ್ ಬೀಗ ಹಾಕಿದೆಯಾ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದೆಯೇ ಅದು ಆನ್ ಆಗಿರಬಹುದು. 48 ಅಂಕಿಗಳ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಈಗಲೇ ಅದನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಮುಂದೆ ಬೂಟ್ ಆಗದೆ ಹೋದಾಗ, ಅಥವಾ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದಾಗ, ಆ ಕೀ ಇಲ್ಲದಿದ್ದರೆ ಏನೂ ಮಾಡಲಾಗುವುದಿಲ್ಲ.

ಯಾವ ಡ್ರೈವ್ ಅಂತ ನೋಡಿ

ಇಷ್ಟು ಸರಳ ವಿಷಯವನ್ನು ಜನ ಗಮನಿಸುವುದೇ ಇಲ್ಲ. ಪರದೆಯ ಸಾಲಿನಲ್ಲಿ ಡ್ರೈವ್ ಅಕ್ಷರ ಇರುತ್ತದೆ. ಫೋನ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅದು ಡಿ ಅಥವಾ ಇ ಆಗಿದ್ದರೆ, ಲ್ಯಾಪ್‌ಟಾಪ್‌ಗೆ ಯಾವಾಗಲೂ ಸಿಕ್ಕಿಸಿಯೇ ಇರುವ ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಮೆಮೊರಿ ಕಾರ್ಡ್ ಇದೆಯಾ ನೋಡಿ. ಅದನ್ನು ತೆಗೆದು ಒಮ್ಮೆ ರೀಸ್ಟಾರ್ಟ್ ಮಾಡಿ. ಚೆಕ್ ಬರಲಿಲ್ಲ ಅಂದರೆ ಲ್ಯಾಪ್‌ಟಾಪ್ ಚೆನ್ನಾಗಿಯೇ ಇದೆ, ತೊಂದರೆ ಆ ಕಾರ್ಡ್‌ನದು.

ಅಕ್ಷರದ ಬದಲು ‘ವಾಲ್ಯೂಮ್’ ಅಂತ ಬರೆದು ಬ್ರಾಕೆಟ್‌ನಲ್ಲಿ ಉದ್ದನೆಯ ಅಂಕಿ ಅಕ್ಷರಗಳ ಸರಪಳಿ ಬಂದಿದ್ದರೆ ಅದು ಅಕ್ಷರ ಕೊಡದ ಪಾರ್ಟಿಷನ್, ಅಂದರೆ ಡಿಸ್ಕ್‌ನ ಒಂದು ಭಾಗ. ಹೆಚ್ಚಾಗಿ ರಿಕವರಿ ಪಾರ್ಟಿಷನ್ ಆಗಿರುತ್ತದೆ. ಇಂಥ ಕಡೆ ನೀವು ಸಿ ಡ್ರೈವ್ ಎಷ್ಟು ಚೆಕ್ ಮಾಡಿದರೂ ಪ್ರಯೋಜನ ಇಲ್ಲ. ಡಿಸ್ಕ್‌ಪಾರ್ಟ್ ತೆರೆದು, ‘ಲಿಸ್ಟ್ ವಾಲ್ಯೂಮ್’ ಕೊಟ್ಟು ಅದನ್ನು ಗುರುತಿಸಿ, ‘ಸೆಲೆಕ್ಟ್ ವಾಲ್ಯೂಮ್’ ಮತ್ತು ಅದರ ನಂಬರ್, ಆಮೇಲೆ ‘ಅಸೈನ್ ಲೆಟರ್=ಆರ್’. ಈಗ ಆರ್ ಡ್ರೈವ್ ಮೇಲೆ ಚೆಕ್‌ಡಿಸ್ಕ್ ಓಡಿಸಿ, ಮುಗಿದ ಮೇಲೆ ‘ರಿಮೂವ್ ಲೆಟರ್=ಆರ್’ ಕೊಟ್ಟು ಅಕ್ಷರ ತೆಗೆದುಬಿಡಿ. ಡಿಸ್ಕ್‌ಪಾರ್ಟ್ ಒಳಗೆ ‘ಕ್ಲೀನ್’ ಅಂತ ಒಂದು ಕಮಾಂಡ್ ಇದೆ. ಹೆಸರು ನೋಡಿ ಮೋಸ ಹೋಗಬೇಡಿ, ಅದು ಇಡೀ ಡಿಸ್ಕ್‌ನ ಪಾರ್ಟಿಷನ್‌ಗಳನ್ನೇ ಅಳಿಸಿಹಾಕುತ್ತದೆ.

ಗುರುತು ಇದೆಯಾ ಇಲ್ಲವಾ

ಕಮಾಂಡ್ ಪ್ರಾಂಪ್ಟ್ ತೆರೆಯಲು ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಅಂತ ಹುಡುಕಿ, ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಹಾಗೆ ತೆರೆಯದಿದ್ದರೆ ಮುಂದಿನ ಕಮಾಂಡ್‌ಗಳು ‘ಆ್ಯಕ್ಸೆಸ್ ಡಿನೈಡ್’ ಅನ್ನುತ್ತವೆ. ಇದನ್ನು ಟೈಪ್ ಮಾಡಿ:

ಎಫ್‌ಎಸ್‌ಯುಟಿಲ್ ಡರ್ಟಿ ಕ್ವೆರಿ ಸಿ:

ಉತ್ತರ ಒಂದೇ ಸಾಲು. ಡರ್ಟಿ ಇದೆ, ಅಥವಾ ಇಲ್ಲ. ಇದೇ ಕಮಾಂಡ್‌ನಲ್ಲಿ ಗುರುತು ಏಳಿಸುವ ಆಯ್ಕೆ ಇದೆ, ಅಳಿಸುವ ಆಯ್ಕೆ ಇಲ್ಲ. ಅದಕ್ಕೆ ಚೆಕ್ ಸರಿಯಾಗಿ ಮುಗಿಯಲೇಬೇಕು.

‘ನಾಟ್ ಡರ್ಟಿ’ ಅಂತ ಬಂದೂ ಪ್ರತಿ ಸಲ ಚೆಕ್ ಬರುತ್ತಿದ್ದರೆ ನಿಮ್ಮದು ರಿಜಿಸ್ಟ್ರಿಯ ಕೇಸ್, ನಾಲ್ಕರಲ್ಲಿ ಇದೇ ಸುಲಭದ್ದು. ‘ಚೆಕ್‌ಎನ್‌ಟಿಎಫ್‌ಎಸ್ /ಡಿ’ ಕೊಟ್ಟು ರೀಸ್ಟಾರ್ಟ್ ಮಾಡಿ. ಇದು ಬೂಟ್ ಚೆಕ್‌ನ ಎಲ್ಲ ಸೆಟ್ಟಿಂಗ್ ಅನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಅದರಿಂದಲೂ ಹೋಗದಿದ್ದರೆ ರೆಜ್‌ಎಡಿಟ್ ತೆರೆದು ಲೋಕಲ್ ಮಷಿನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಸೆಷನ್ ಮ್ಯಾನೇಜರ್ ತನಕ ಹೋಗಿ. ಅಲ್ಲಿ ‘ಬೂಟ್ ಎಕ್ಸಿಕ್ಯೂಟ್’ ಎಂಬ ಸಾಲು ಇರುತ್ತದೆ. ಮಾಮೂಲಾಗಿ ಅದರಲ್ಲಿ ಇರಬೇಕಾದ್ದು ‘ಆಟೋಚೆಕ್ ಆಟೋಸಿಎಚ್‌ಕೆ *’ ಎಂಬ ಒಂದೇ ಸಾಲು. ಅದಕ್ಕಿಂತ ಜಾಸ್ತಿ ಇದ್ದರೆ ಯಾವುದೋ ಪಾರ್ಟಿಷನ್ ಟೂಲ್ ಅಥವಾ ಡಿಸ್ಕ್ ಟೂಲ್ ಸೇರಿಸಿದ ಸಾಲು ಇರಬಹುದು. ಮುಟ್ಟುವ ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ರಿಜಿಸ್ಟ್ರಿ ಅಂದರೆ ಭಯ ಆಗುತ್ತದೆ ಅನ್ನುವವರು ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಡರ್ಟಿ ಅಂತ ಬಂದರೆ

ಒಮ್ಮೆಯಾದರೂ ಚೆಕ್ ಪೂರ್ತಿ ಮುಗಿಯಲು ಬಿಟ್ಟಿದ್ದೀರಾ? ಪ್ರಾಮಾಣಿಕವಾಗಿ ಯೋಚಿಸಿ. ಬೆಳಿಗ್ಗೆ ಅವಸರದಲ್ಲಿ ಪ್ರತಿ ದಿನ ಕೀ ಒತ್ತಿ ಹಾರಿಸುತ್ತಿದ್ದರೆ ಅದು ಪ್ರತಿ ದಿನ ಬಂದೇ ಬರುತ್ತದೆ, ಅದರದ್ದೇನೂ ತಪ್ಪಿಲ್ಲ ಅಲ್ವಾ.

ಬ್ಯಾಕಪ್ ಆಗಿದ್ದರೆ ಹೀಗೆ ಮಾಡಿ. ಚಾರ್ಜರ್ ಸಿಕ್ಕಿಸಿ. ಮೊದಲು ‘ಚೆಕ್‌ಡಿಸ್ಕ್ ಸಿ: /ಸ್ಕ್ಯಾನ್’ ಓಡಿಸಿ. ಇದು ವಿಂಡೋಸ್ ತೆರೆದಿರುವಾಗಲೇ ಓಡುತ್ತದೆ, ನಿಮ್ಮ ಕೆಲಸಕ್ಕೂ ಅಡ್ಡಿ ಇಲ್ಲ. ತೊಂದರೆ ಇದೆ ಅಂತ ಹೇಳಿದರೆ ‘ಚೆಕ್‌ಡಿಸ್ಕ್ ಸಿ: /ಎಫ್’ ಕೊಡಿ. ಡ್ರೈವ್ ಬಳಕೆಯಲ್ಲಿದೆ, ಮುಂದಿನ ಬೂಟ್‌ನಲ್ಲಿ ಮಾಡಲೇ ಅಂತ ಕೇಳುತ್ತದೆ, ವೈ ಒತ್ತಿ. ಆಮೇಲೆ ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಬೇಡಿ, ಯಾಕೆಂದರೆ ಫಾಸ್ಟ್ ಸ್ಟಾರ್ಟಪ್ ಇದ್ದರೆ ಅದು ಪೂರ್ತಿ ಬೂಟ್ ಅಲ್ಲ.

ಅನೇಕರು ಶುರುವಿನಲ್ಲೇ /ಆರ್ ಕೊಟ್ಟುಬಿಡುತ್ತಾರೆ, ಜೋರಾದ ಔಷಧಿ ಒಳ್ಳೆಯದು ಅನ್ನುವ ಹಾಗೆ. /ಎಫ್ ಮಾಡುವ ಕೆಲಸವನ್ನೆಲ್ಲ /ಆರ್ ಕೂಡ ಮಾಡುತ್ತದೆ, ಜೊತೆಗೆ ಡಿಸ್ಕ್‌ನ ಪ್ರತಿ ಜಾಗವನ್ನೂ ಓದಿ ಬ್ಯಾಡ್ ಸೆಕ್ಟರ್, ಅಂದರೆ ಕೆಟ್ಟುಹೋದ ಜಾಗ, ಹುಡುಕುತ್ತದೆ. /ಎಫ್‌ನಲ್ಲಿ ಮೂರು ಸ್ಟೇಜ್, /ಆರ್‌ನಲ್ಲಿ ಐದು. ಸೆಕೆಂಡಿಗೆ 100 ಎಂಬಿ ಓದುವ 1 ಟಿಬಿ ಹಾರ್ಡ್ ಡಿಸ್ಕ್ ಒಂದು ತೊಂದರೆಯೂ ಇಲ್ಲದಿದ್ದರೇ ಸುಮಾರು 3 ಗಂಟೆ ತೆಗೆದುಕೊಳ್ಳುತ್ತದೆ. ಬ್ಯಾಡ್ ಸೆಕ್ಟರ್ ಸಿಕ್ಕಿದರೆ ಒಂದೊಂದರ ಹತ್ತಿರವೂ ಡಿಸ್ಕ್ ನಿಂತು ಮತ್ತೆ ಮತ್ತೆ ಓದಲು ನೋಡುತ್ತದೆ, ಆಗ ರಾತ್ರಿ ಇಡೀ ಹೋದರೂ ಆಶ್ಚರ್ಯ ಇಲ್ಲ. ಕೆಡುತ್ತಿರುವ ಡಿಸ್ಕ್‌ಗೆ ಅಷ್ಟು ಹೊತ್ತಿನ ದುಡಿಮೆ ಕೊಡುವುದು ಅಪಾಯ. ಎಸ್‌ಎಸ್‌ಡಿಗೆ /ಆರ್‌ನಿಂದ ಹೆಚ್ಚೇನೂ ಸಿಗುವುದಿಲ್ಲ, ಕೆಟ್ಟ ಜಾಗವನ್ನು ಬದಲಿಸುವ ಕೆಲಸ ಅದರ ಕಂಟ್ರೋಲರ್ ತಾನೇ ಮಾಡಿಕೊಳ್ಳುತ್ತದೆ.

ಶೇಕಡಾ ಲೆಕ್ಕ ಒಂದೇ ಕಡೆ ನಿಂತುಬಿಟ್ಟರೆ? ಆ ಸಂಖ್ಯೆಯನ್ನು ಜಾಸ್ತಿ ನಂಬಬೇಡಿ, ಅದು ಒಂದು ಕಡೆ ಗಂಟೆಗಟ್ಟಲೆ ನಿಂತು ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಡಿಸ್ಕ್ ಲೈಟ್ ಮಿನುಗುತ್ತಿದೆಯಾ, ಹಾರ್ಡ್ ಡಿಸ್ಕ್ ಆದರೆ ಓಡುವ ಸದ್ದು ಇದೆಯಾ ನೋಡಿ. ಇದ್ದರೆ ಕಾಯಿರಿ, ಒಂದು ರಾತ್ರಿ ಬಿಟ್ಟುಬಿಡಿ. ಬರೆಯುತ್ತಿರುವಾಗ ಪವರ್ ಬಟನ್ ಒತ್ತಿ ಹಿಡಿದರೆ ಇದ್ದ ತೊಂದರೆಗೆ ಇನ್ನೊಂದು ಸೇರುತ್ತದೆ. ರಾತ್ರಿ ಕಳೆದರೂ ಅದೇ ಸಂಖ್ಯೆ, ಲೈಟ್ ಕೂಡ ಸತ್ತಿದೆ ಅಂದರೆ ಮಾತ್ರ ಆಫ್ ಮಾಡಿ. ಅಲ್ಲಿಗೆ ಫೈಲ್ ಸಿಸ್ಟಮ್ ಮೇಲಿನ ಅನುಮಾನ ಬಿಟ್ಟು ಡಿಸ್ಕ್ ಮೇಲೆ ಅನುಮಾನ ಪಡಬೇಕು.

ಚೆಕ್ ಮುಗಿದ ಮೇಲೆ ಅದು ಏನು ಹೇಳಿತು ಅಂತ ಓದಿ

ಪರದೆಯಲ್ಲಿ ಸಾಲುಗಳು ಓಡಿ ಮಾಯವಾಗುತ್ತವೆ, ಆದರೆ ಎಲ್ಲವೂ ಉಳಿದಿರುತ್ತದೆ. ಇವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಬಲಗಡೆ ಫಿಲ್ಟರ್ ಕೊಟ್ಟು ಸೋರ್ಸ್‌ನಲ್ಲಿ ‘ವಿನ್‌ಇನಿಟ್’ ಆರಿಸಿ, ಇವೆಂಟ್ ನಂಬರ್ 1001 ನೋಡಿ. ಬೂಟ್ ಚೆಕ್‌ನ ಪೂರ್ತಿ ವರದಿ ಅಲ್ಲೇ ಇರುತ್ತದೆ.

ಅದರಲ್ಲಿ ಹುಡುಕಬೇಕಾದ್ದು ಎರಡು. ಒಂದು, ತೊಂದರೆ ಸಿಗಲಿಲ್ಲ ಅಂದಿದೆಯಾ ಅಥವಾ ಸರಿಪಡಿಸಿದೆ ಅಂದಿದೆಯಾ. ಇನ್ನೊಂದು, ಕೊನೆಯ ಹತ್ತಿರ ಬರುವ ‘ಕೆಬಿ ಇನ್ ಬ್ಯಾಡ್ ಸೆಕ್ಟರ್ಸ್’ ಎಂಬ ಸಾಲಿನಲ್ಲಿ ಎಷ್ಟಿದೆ. ಸೊನ್ನೆ ಇದ್ದರೆ ಒಳ್ಳೆಯದು. ಸೊನ್ನೆಗಿಂತ ಜಾಸ್ತಿ ಇದ್ದು ಪ್ರತಿ ಚೆಕ್‌ನಲ್ಲೂ ಬೆಳೆಯುತ್ತಿದ್ದರೆ ಹೊಸ ಡಿಸ್ಕ್ ಹುಡುಕಲು ಶುರು ಮಾಡಿ. ಪ್ರತಿ ಸಲವೂ ಬೇರೆ ಬೇರೆ ಫೈಲ್‌ಗಳಲ್ಲಿ ಹೊಸ ತೊಂದರೆ ಸರಿಪಡಿಸಿದ್ದೇನೆ ಅಂತ ಬಂದರೆ, ಅಲ್ಲಿ ಯಾವುದೋ ಹಾರ್ಡ್‌ವೇರ್ ಕೈವಾಡ ಇದೆ.

ಈಗ ಅದೇ ವಿಂಡೋಸ್ ಲಾಗ್ಸ್‌ನಲ್ಲಿ ಸಿಸ್ಟಮ್ ಅನ್ನು ತೆರೆಯಿರಿ. ನನಗೆ ಇಡೀ ಹುಡುಕಾಟದಲ್ಲಿ ಹೆಚ್ಚು ಉಪಯೋಗದ ಜಾಗ ಅನಿಸುವುದು ಇದು. ಸೋರ್ಸ್ ‘ಡಿಸ್ಕ್’, ನಂಬರ್ 7 ಅಂದರೆ ಬ್ಯಾಡ್ ಬ್ಲಾಕ್. 153 ಅಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಸ್ಟೋರೇಜ್ ಡ್ರೈವರ್‌ನ ಹೆಸರೇ ಸೋರ್ಸ್ ಆಗಿ ಬರುವ 129 ಅಂದರೆ ಡಿಸ್ಕ್ ಉತ್ತರ ಕೊಡದೆ ಅದನ್ನು ರೀಸೆಟ್ ಮಾಡಬೇಕಾಯಿತು. ಸೋರ್ಸ್ ‘ಎನ್‌ಟಿಎಫ್‌ಎಸ್’, ನಂಬರ್ 55 ಅಂದರೆ ಫೈಲ್ ಸಿಸ್ಟಮ್ ಕೆಟ್ಟಿರುವುದು ಕಂಡಿದೆ. ‘ಕರ್ನಲ್ ಪವರ್’ 41 ಅಂದರೆ ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಗಿದೆ. 55 ಒಂದೇ ಇದ್ದು ಉಳಿದವು ಇಲ್ಲದಿದ್ದರೆ ಒಂದು ಕಥೆ, 55ರ ಸ್ವಲ್ಪ ಮೊದಲು 7 ಮತ್ತು 153 ಸಾಲುಗಟ್ಟಿ ನಿಂತಿದ್ದರೆ ಇನ್ನೊಂದು ಕಥೆ. ಎರಡನೆಯದರಲ್ಲಿ ಡಿಸ್ಕ್ ಅಥವಾ ಅದರ ಕೇಬಲ್ ಕಡೆ ಬೆರಳು ತೋರಿಸಬಹುದು.

ಡಿಸ್ಕ್‌ನ ಆರೋಗ್ಯ

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅಂತಾರೆ. ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಟೂಲ್ ಸಾಕು. ಮೇಲೆ ‘ಗುಡ್’ ಅಂತ ನೀಲಿಯಲ್ಲಿ ಇದ್ದ ಮಾತ್ರಕ್ಕೆ ಮುಚ್ಚಿಬಿಡಬೇಡಿ, ಕೆಳಗಿನ ಪಟ್ಟಿ ನೋಡಿ. ಹಾರ್ಡ್ ಡಿಸ್ಕ್‌ನಲ್ಲಿ 05 ನಂಬರಿನ ಸಾಲು ಈಗಾಗಲೇ ಬದಲಿಸಿದ ಕೆಟ್ಟ ಸೆಕ್ಟರ್‌ಗಳದ್ದು. ಸಿ5 ಇನ್ನೂ ಅನುಮಾನದಲ್ಲಿರುವ ಸೆಕ್ಟರ್‌ಗಳದ್ದು. ಸಿ6 ಓದಲಿಕ್ಕೇ ಆಗದವು. ಈ ಮೂರರಲ್ಲಿ ಯಾವುದು ಏರುತ್ತಾ ಹೋದರೂ ಕೆಟ್ಟ ಸುದ್ದಿಯೇ, ಅದರಲ್ಲೂ ಸಿ5 ಮತ್ತು ಮರುಕಳಿಸುವ ಡಿಸ್ಕ್ ಚೆಕ್ ಎರಡೂ ಜೊತೆಗಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ ಅನ್ನಬಹುದು. ಒಂದು ಎಚ್ಚರ: ಈ ಟೂಲ್ ರಾ ವ್ಯಾಲ್ಯೂಗಳನ್ನು ಹೆಕ್ಸ್‌ನಲ್ಲಿ ತೋರಿಸುತ್ತದೆ. ಅಲ್ಲಿ 10 ಅಂತ ಇದ್ದರೆ ನಮ್ಮ ಲೆಕ್ಕದಲ್ಲಿ 16. ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಬಹುದು.

ಸಿ7 ಸಾಲು ಮಾತ್ರ ಬೇರೆ ಥರ. ಅದು ಡಿಸ್ಕ್ ಮತ್ತು ಬೋರ್ಡ್ ನಡುವೆ ಡೇಟಾ ಹಾದುಬರುವಾಗ ಆದ ತಪ್ಪುಗಳ ಲೆಕ್ಕ. ಇದು ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿದ್ದು ಕೇಬಲ್ ಅಥವಾ ಕನೆಕ್ಟರ್ ಸಡಿಲ ಇರಬಹುದು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 2.5 ಇಂಚಿನ ಡಿಸ್ಕ್‌ಗೆ ತೆಳ್ಳಗಿನ ರಿಬ್ಬನ್ ಕೇಬಲ್ ಇರುತ್ತದೆ, ಲ್ಯಾಪ್‌ಟಾಪ್ ಒಮ್ಮೆ ಕೆಳಗೆ ಬಿದ್ದಿದ್ದರೆ ಅದು ಅಲುಗಾಡಿರಬಹುದು. ಬಿಚ್ಚಿ ಮತ್ತೆ ಸರಿಯಾಗಿ ಕೂರಿಸಿದರೆ ಸಾಕಾಗುತ್ತದೆ. ಹಳೆಯ ಸಂಖ್ಯೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸರಿಹೋಯಿತು ಅಂತ ತಿಳಿಯಿರಿ.

ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಪಟ್ಟಿ ಬೇರೆ. ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸೊನ್ನೆ ಇರಬೇಕು. ‘ಅವೈಲಬಲ್ ಸ್ಪೇರ್’ ಇಳಿದಿದೆಯಾ, ‘ಪರ್ಸೆಂಟೇಜ್ ಯೂಸ್ಡ್’ 100ರ ಹತ್ತಿರ ಬಂದಿದೆಯಾ ನೋಡಿ. ಕೆಲವು ಎಸ್‌ಎಸ್‌ಡಿಗಳು ಆಯಸ್ಸು ಮುಗಿದಾಗ ಓದಲು ಮಾತ್ರ ಬಿಡುತ್ತವೆ, ಬರೆಯಲು ಬಿಡುವುದಿಲ್ಲ. ಮೊದಲು ಹೇಳಿದ ಮೂರನೆಯ ದಾರಿ ಇದೇ: ಚೆಕ್ ಓಡುತ್ತದೆ, ಸರಿಪಡಿಸಿದೆ ಅನ್ನುತ್ತದೆ, ಆದರೆ ಬರೆದದ್ದು ಉಳಿಯುವುದೇ ಇಲ್ಲ, ಮರುದಿನ ಮತ್ತೆ ಶುರು. ಒಂದು ಚಿಕ್ಕ ಫೈಲ್ ಉಳಿಸಿ ರೀಸ್ಟಾರ್ಟ್ ಮಾಡಿ ನೋಡಿ, ಅದು ಮಾಯವಾಗಿದ್ದರೆ ಅನುಮಾನ ನಿಜ. ಫೈಲ್‌ಗಳನ್ನು ಓದಲು ಆಗುತ್ತಿರುವಾಗಲೇ ಕಾಪಿ ಮಾಡಿಕೊಳ್ಳಿ.

ಡಿಸ್ಕ್ ಚೆನ್ನಾಗಿದೆ, ಆದರೂ ಬರುತ್ತಿದೆ

ಆಗ ರ್‍ಯಾಮ್ ನೋಡಿ. ಜನ ಇದನ್ನು ಕೊನೆಯಲ್ಲಿ ನೋಡುತ್ತಾರೆ, ಅಥವಾ ನೋಡುವುದೇ ಇಲ್ಲ. ಡಿಸ್ಕ್‌ಗೆ ಹೋಗುವ ಎಲ್ಲವೂ ರ್‍ಯಾಮ್ ಮೂಲಕವೇ ಹೋಗಬೇಕು, ಅಲ್ಲಿ ಒಂದು ಬಿಟ್ ತಪ್ಪಿದರೂ ಡಿಸ್ಕ್ ಆ ತಪ್ಪನ್ನೇ ನಿಯತ್ತಾಗಿ ಬರೆದಿಡುತ್ತದೆ. ‘ಎಂಡಿಸ್ಕೆಡ್’ ಎಂಬ ವಿಂಡೋಸ್ ಮೆಮೊರಿ ಟೆಸ್ಟ್ ಇದೆ, ಸ್ಟಾರ್ಟ್‌ನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಅಂತ ಹುಡುಕಿದರೆ ಸಿಗುತ್ತದೆ. ಅದು ಪಾಸ್ ಅಂದರೂ ಅನುಮಾನ ಇದ್ದರೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಬೂಟ್ ಮಾಡಿ ರಾತ್ರಿ ಇಡೀ ಬಿಡಿ. ಒಂದೇ ಒಂದು ಎರರ್ ಬಂದರೂ ಆ ರ್‍ಯಾಮ್ ಬದಲಿಸಿ. ಅಲ್ಲಿಯ ತನಕ ಚೆಕ್‌ಡಿಸ್ಕ್ ಓಡಿಸಬೇಡಿ, ಕೆಟ್ಟ ರ್‍ಯಾಮ್ ಇಟ್ಟುಕೊಂಡು ಮಾಡಿದ ರಿಪೇರಿ ರಿಪೇರಿಯೇ ಅಲ್ಲ.

ಲಿನಕ್ಸ್ ಮತ್ತು ವಿಂಡೋಸ್ ಎರಡೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇದ್ದರೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ವಿಂಡೋಸ್ 8ರಿಂದ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ, ತನ್ನ ತಿರುಳಾದ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿ ಮಲಗುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್‌ನಿಂದ ಅದೇ ಡ್ರೈವ್‌ಗೆ ಬರೆದರೆ, ವಿಂಡೋಸ್ ಎದ್ದಾಗ ತನಗೆ ನೆನಪಿರುವುದೇ ಒಂದು, ಡಿಸ್ಕ್‌ನಲ್ಲಿ ಇರುವುದೇ ಒಂದು. ಅಡ್ಮಿನ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟರೆ ಹೈಬರ್ನೇಟ್ ಮತ್ತು ಫಾಸ್ಟ್ ಸ್ಟಾರ್ಟಪ್ ಎರಡೂ ಹೋಗುತ್ತವೆ. ಲಿನಕ್ಸ್‌ನಲ್ಲಿ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ರಿಪೇರಿ ಟೂಲ್ ಓಡಿಸುವ ಅಭ್ಯಾಸ ಇದ್ದವರಿಗೆ ಇನ್ನೊಂದು ವಿಷಯ: ಅದು ತನ್ನ ಕೆಲಸ ಮುಗಿಸಿ, ವಿಂಡೋಸ್ ಮುಂದಿನ ಬೂಟ್‌ನಲ್ಲಿ ಚೆಕ್ ಮಾಡಲಿ ಅಂತ ಬೇಕೆಂದೇ ಗುರುತು ಬಿಟ್ಟುಹೋಗುತ್ತದೆ.

ಬ್ಯಾಟರಿ ಸತ್ತು ಚಾರ್ಜರ್ ಅಲುಗಾಡಿದ ಕೂಡಲೇ ಆಫ್ ಆಗುವ ಲ್ಯಾಪ್‌ಟಾಪ್ ಆದರೆ, ಸಿಸ್ಟಮ್ ಲಾಗ್‌ನಲ್ಲಿ 41 ಎಷ್ಟು ಸಲ ಬಂದಿದೆ ನೋಡಿ. ಒಂದೆರಡು ಸಲಕ್ಕೆ ಎನ್‌ಟಿಎಫ್‌ಎಸ್ ತಾಳಿಕೊಳ್ಳುತ್ತದೆ, ದಿನಾ ಆದರೆ ಯಾವ ಜರ್ನಲ್ಲೂ ಭರವಸೆ ಕೊಡುವುದಿಲ್ಲ. ಎಸ್‌ಎಸ್‌ಡಿಯ ಫರ್ಮ್‌ವೇರ್ ಮತ್ತು ಸ್ಟೋರೇಜ್ ಡ್ರೈವರ್ ಅಪ್‌ಡೇಟ್ ಇದೆಯಾ ಅಂತಲೂ ತಯಾರಕರ ಟೂಲ್‌ನಲ್ಲಿ ನೋಡಿ, 129 ಬರುತ್ತಿರುವವರು ಖಂಡಿತ ನೋಡಿ.

ವಿಂಡೋಸ್ ಒಳಗೇ ಹೋಗಲಾಗದಿದ್ದರೆ

ಬೇರೆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಂಡು ಅದರಿಂದ ಬೂಟ್ ಮಾಡಿ. ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಇಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು, ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು. ಡಿಸ್ಕ್‌ಪಾರ್ಟ್‌ನ ‘ಲಿಸ್ಟ್ ವಾಲ್ಯೂಮ್’ನಲ್ಲಿ ಗಾತ್ರ ನೋಡಿ ಗುರುತಿಸಿ. ಆಮೇಲೆ ‘ಚೆಕ್‌ಡಿಸ್ಕ್’ ಜೊತೆ ಸರಿಯಾದ ಅಕ್ಷರ ಮತ್ತು /ಎಫ್. ಡ್ರೈವ್ ಬಳಕೆಯಲ್ಲಿ ಇರುವುದಿಲ್ಲ, ಆದ್ದರಿಂದ ತಕ್ಷಣ ಓಡುತ್ತದೆ. ಕೊನೆಯಲ್ಲಿ ಲಾಗ್ ಬರೆಯಲಾಗಲಿಲ್ಲ, ಸ್ಟೇಟಸ್ 50 ಎಂಬ ಸಾಲು ಬಂದರೆ ಗಾಬರಿ ಬೇಡ. ಈ ವಾತಾವರಣದಲ್ಲಿ ಇವೆಂಟ್ ಲಾಗ್‌ಗೆ ಬರೆಯಲು ಆಗುವುದಿಲ್ಲ, ಅಷ್ಟೇ. ಚೆಕ್ ಆಗಿರುತ್ತದೆ. ವಿಂಡೋಸ್ ತೆರೆದ ಮೇಲೆ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಒಮ್ಮೆ ಓಡಿಸಿ, ಕೆಟ್ಟಿರುವ ಸಿಸ್ಟಮ್ ಫೈಲ್‌ಗಳನ್ನು ಅದು ಬದಲಿಸುತ್ತದೆ.

ಡಿಸ್ಕ್ ಕೆಟ್ಟಿದೆ, ಬ್ಯಾಕಪ್ ಇಲ್ಲ, ಆದರೆ ಇನ್ನೂ ಸ್ವಲ್ಪ ಓದುತ್ತಿದೆ ಅನ್ನುವ ಸ್ಥಿತಿಯಲ್ಲಿ ಚೆಕ್‌ಡಿಸ್ಕ್ ಬೇಡವೇ ಬೇಡ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಟೂಲ್‌ನಿಂದ ಇಡೀ ಡಿಸ್ಕ್‌ನ ನಕಲು ತೆಗೆಯಿರಿ. ಅದು ಸುಲಭವಾಗಿ ಓದುವ ಜಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಏನೇ ರಿಪೇರಿ ಮಾಡಿದರೂ ಆ ನಕಲಿನ ಮೇಲೆ ಮಾಡಿ.

ಚೆಕ್ ಆಫ್ ಮಾಡುವ ಕಮಾಂಡ್

ಸ್ಮಾರ್ಟ್ ಚೆನ್ನಾಗಿದೆ, ರ್‍ಯಾಮ್ ಪಾಸ್, ಲಾಗ್‌ನಲ್ಲಿ 7, 129, 153 ಯಾವುದೂ ಇಲ್ಲ, ಚೆಕ್ ಪೂರ್ತಿ ಮುಗಿದು ತೊಂದರೆ ಇಲ್ಲ ಅಂದಿದೆ, ಆದರೂ ಗುರುತು ಹೋಗುತ್ತಿಲ್ಲ. ಅಪರೂಪ, ಆದರೆ ಆಗುತ್ತದೆ. ಇಲ್ಲಿ ಗಟ್ಟಿ ಪರಿಹಾರ ಒಂದೇ: ಎಲ್ಲ ಕಾಪಿ ಮಾಡಿಕೊಂಡು, ಆ ಪಾರ್ಟಿಷನ್ ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕುವುದು. ಅದಕ್ಕೆ ಬಿಡುವು ಸಿಗುವ ತನಕ ಈ ಕಮಾಂಡ್ ಬಳಸಿಕೊಳ್ಳಬಹುದು:

ಚೆಕ್‌ಎನ್‌ಟಿಎಫ್‌ಎಸ್ /ಎಕ್ಸ್ ಸಿ:

ಇದು ಗುರುತನ್ನು ಅಳಿಸುವುದಿಲ್ಲ, ಬೂಟ್‌ನಲ್ಲಿ ಅದನ್ನು ನೋಡಬೇಡ ಅನ್ನುತ್ತದೆ. ಎರಡು ಡ್ರೈವ್‌ಗೆ ಬೇಕಿದ್ದರೆ ಒಂದೇ ಸಾಲಿನಲ್ಲಿ ‘ಸಿ: ಡಿ:’ ಅಂತ ಎರಡನ್ನೂ ಕೊಡಿ. ಬೇರೆ ಬೇರೆಯಾಗಿ ಕೊಟ್ಟರೆ ಕೊನೆಯದು ಮಾತ್ರ ಉಳಿಯುತ್ತದೆ. ಇದನ್ನು ಹಾಕಿಕೊಂಡಿರುವಷ್ಟು ದಿನ ಬ್ಯಾಕಪ್ ಬಿಡಬೇಡಿ, ಸಿಸ್ಟಮ್ ಲಾಗ್‌ನಲ್ಲಿ ಹೊಸ 55 ಬಂದಿದೆಯಾ ಅಂತ ಆಗಾಗ ಇಣುಕಿ.

ಲಿನಕ್ಸ್ ಮಾತ್ರ ಇರುವವರಿಗೆ ಪ್ರತಿ ಬೂಟ್‌ನಲ್ಲೂ ಎಫ್‌ಎಸ್‌ಸಿಕೆ ಎಂಬ ಅಲ್ಲಿನ ಡಿಸ್ಕ್ ಚೆಕ್ ಬರುತ್ತಿದ್ದರೆ, ಡಿಸ್ಕ್ ಮತ್ತು ರ್‍ಯಾಮ್ ಬಗ್ಗೆ ಮೇಲೆ ಹೇಳಿದ್ದೆಲ್ಲ ಅಲ್ಲೂ ನಿಜ. ಜೊತೆಗೆ ಗಡಿಯಾರವನ್ನೂ ನೋಡಿ. ಬೋರ್ಡ್ ಮೇಲಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ತಾರೀಕು ಹಿಂದಕ್ಕೆ ಹೋಗುತ್ತದೆ, ಆಗ ಡಿಸ್ಕ್‌ನಲ್ಲಿ ಬರೆದಿರುವ ಕೊನೆಯ ಮೌಂಟ್ ಸಮಯ (ಲಿನಕ್ಸ್ ಆ ಡ್ರೈವ್ ಅನ್ನು ಕೊನೆಯ ಸಲ ತೆರೆದ ಸಮಯ) ‘ಮುಂದಿನ ದಿನಾಂಕ’ದಂತೆ ಕಾಣಿಸಿ ಚೆಕ್ ಶುರುವಾಗಬಹುದು. ಬ್ಯಾಟರಿ ಬದಲಿಸಿ ಬಯೋಸ್‌ನಲ್ಲಿ ತಾರೀಕು ಸರಿಮಾಡಿದರೆ ಮುಗಿಯಿತು.

ಹೊಸ ಡಿಸ್ಕ್ ಹಾಕಿಸಿ ಹಳೆಯದನ್ನು ಕ್ಲೋನ್ ಮಾಡಿದವರು ಒಂದು ನೆನಪಿಡಿ: /ಎಕ್ಸ್ ಸೆಟ್ಟಿಂಗ್ ಮತ್ತು ಡರ್ಟಿ ಬಿಟ್ ಎರಡೂ ಕ್ಲೋನ್ ಜೊತೆಗೇ ಬರುತ್ತವೆ. ಹೊಸ ಡಿಸ್ಕ್‌ನಲ್ಲಿ ಮೊದಲ ಸಲ ವಿಂಡೋಸ್ ತೆರೆದ ಕೂಡಲೇ ‘ಚೆಕ್‌ಎನ್‌ಟಿಎಫ್‌ಎಸ್ /ಡಿ’ ಕೊಟ್ಟು ರೀಸ್ಟಾರ್ಟ್ ಮಾಡಿ, ಚೆಕ್ ಬಂದರೆ ಕೀ ಒತ್ತದೆ ಪೂರ್ತಿ ಮುಗಿಯಲು ಬಿಡಿ, ಆಮೇಲೆ ಇನ್ನೊಮ್ಮೆ ಡರ್ಟಿ ಕ್ವೆರಿ ಓಡಿಸಿ ನೋಡಿ.